ಎರಡು ಗಾಂಧಾರ

ನಿನ್ನೆ ಸಂಜೆ ಎದುರು ಮನೆಯಲ್ಲಿ ಯಾರೋ ಗಿಟಾರ್ ಹಿಡಿದು ಒಂದು ಜಾಝ್ ಕಾರ್ಡಿನ ಜೊತೆ ಗುದ್ದಾಡುತ್ತಿದ್ದರು. ಕೇಳಿದ್ದೇ ತಡ, ನನ್ನ ಅಂಗೈ ಬೆವರಿತು. ನಗಬೇಡಿ, ನಿಮಗೂ ಅಂಥ ಸದ್ದು ಒಂದಾದರೂ ಇದ್ದೀತು.

ಎಂಬತ್ತರ ದಶಕದ ರಾಜಾಜಿನಗರದಲ್ಲಿ ಬ್ಲಾಕಿಗೊಂದು ಗಣೇಶ, ಗಣೇಶನಿಗೊಂದು ಆರ್ಕೆಸ್ಟ್ರಾ. ಅಂಥದೊಂದರಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದೆ. ಬಾರಿಸುವುದಕ್ಕಿಂತ ಕ್ರಾಪು ತೀಡಿಕೊಳ್ಳುವುದರಲ್ಲೇ ಮುಂದು. ಆ ವರ್ಷ ತಂಡದ ಮಾಸ್ಟರ್ ಒಂದು ಹಾಡಿನ ಶುರುವಿಗೆ ಇದೇ ಕಾರ್ಡ್ ಇಟ್ಟರು: ಹಲವು ಸ್ವರ ಒಟ್ಟಿಗೆ ಮೀಟುವ ಶಾರ್ಪ್ ನೈನ್. ಅದೊಂದೇ ಮೊಳಗಬೇಕು, ಅಲ್ಲಿಂದ ಗಾಯಕಿ ಎತ್ತಿಕೊಳ್ಳಬೇಕು.

“ಮಿಸ್ ಆದ್ರೆ ನಾಳೆಯಿಂದ ಬರ್ಬೇಡಪ್ಪ,” ಅಂದರು. ಆ ತಂಡ ಬಿಟ್ಟರೆ ನನಗೆ ಬೇರೆ ಲೋಕವಿರಲಿಲ್ಲ.

ನನ್ನನ್ನು ಸಾಕಿದ ದೊಡ್ಡಮ್ಮ ವೀಣೆ ನುಡಿಸುವವರು. ನನ್ನ ಅಭ್ಯಾಸ ಕೇಳಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

“ಏನೋ ಇದು? ಸಾಧಾರಣ ಗಾಂಧಾರಾನೂ ಇದೆ, ಅದರ ಪಕ್ಕದ್ದೇ ಅಂತರ ಗಾಂಧಾರಾನೂ ಇದೆ. ಒಂದೇ ಮನೇಲಿ ಇಬ್ಬರು ಸವತೀರು!”

“ಅದು ಇರೋದೇ ಹಾಗೆ ದೊಡ್ಡಮ್ಮ.”

“ಹಾಗೆ ಯಾವ್ದೂ ಇರಲ್ಲ ಕಣೋ.”

ಕಾರ್ಯಕ್ರಮದ ದಿನ ಗಿಟಾರನ್ನು ಮನೆಯಲ್ಲೇ ಶ್ರುತಿ ಮಾಡಿಟ್ಟು ಕನ್ನಡಿಯ ಮುಂದೆ ನಿಂತೆ. ತಡವಾಯಿತು. ಓಡಿಬಂದು ನೇರ ವೇದಿಕೆ ಹತ್ತಿದೆ. ಮಾಸ್ಟರ್ ಮೈಕಿನಲ್ಲಿ ಹಾಡಿನ ಹೆಸರು ಹೇಳುವಾಗ ಕಾರ್ಡನ್ನು ಮೆಲ್ಲಗೆ ಮೀಟಿ ನೋಡಿದರೆ, ಜಗಳವೇ ಇಲ್ಲ, ಸಕ್ಕರೆಪಾಕ! ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಮ್ಮ ನಗುತ್ತ ಗಾಳಿಯಲ್ಲಿ ಬಿರಡೆ ತಿರುಗಿಸಿ ತೋರಿಸಿದರು. ನಾನು ಕ್ರಾಪು ತೀಡುತ್ತಿದ್ದಾಗ ಎರಡನೇ ತಂತಿಯನ್ನು ಅರ್ಧ ಸ್ವರ ಏರಿಸಿ, ಎರಡು ಗಾಂಧಾರವನ್ನೂ ಒಂದು ಮಾಡಿಬಿಟ್ಟಿದ್ದರು. ಹುಡುಗ ನಾಲ್ಕು ಜನರ ಮುಂದೆ ಅಪಸ್ವರ ನುಡಿಸಬಾರದಲ್ಲ!

ಮಾಸ್ಟರ್ ಕೈ ಎತ್ತಿದರು. ಬಿರಡೆ ಮುಟ್ಟಲು ಹೊತ್ತಿಲ್ಲ. ತಂತಿ ಏರಿದ್ದರೆ ಬೆರಳು ಇಳಿಯಬೇಕು, ಅಷ್ಟೇ ತಾನೇ? ಆದರೆ ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಪಳಗಿದ ಕಿರುಬೆರಳು ಕೇಳಬೇಕಲ್ಲ. ಹಲ್ಲುಕಚ್ಚಿ ಅದನ್ನು ಒಂದು ಫ್ರೆಟ್, ಅಂದರೆ ಅರ್ಧ ಸ್ವರ, ಹಿಂದಕ್ಕೆ ಎಳೆದೆ. ಮಾಸ್ಟರ ಕೈ ಇಳಿಯಿತು. ಬಾರಿಸಿದೆ.

ಇಬ್ಬರು ಸವತಿಯರೂ ಒಟ್ಟಿಗೇ ಬಾಯಿ ತೆರೆದರು. ಗಾಯಕಿ ಎತ್ತಿಕೊಂಡಳು. ದೊಡ್ಡಮ್ಮನ ನಗು ಮಾತ್ರ ನಿಂತುಹೋಯಿತು.

ಮನೆಗೆ ನಡೆಯುತ್ತ ಅವರೇ ಮಾತು ತೆಗೆದರು: “ಸರಿ ಮಾಡ್ಕೊಟ್ರೂ ತಪ್ಪೇ ನುಡಿಸ್ದೆ. ಆದ್ರೆ ಎರಡು ಗಾಂಧಾರಾನೂ ನಿಚ್ಚಳವಾಗಿತ್ತು ಕಣೋ.”

ನಾನು ದಾಪುಗಾಲು ಹಾಕಿ ಮುಂದೆ ನಡೆದೆ. ಕೋಪ ಮೂಗಿನ ತುದಿಯಲ್ಲಿತ್ತು. ಈ ಕಥೆಯನ್ನು ಇಷ್ಟು ವರ್ಷ ಅವರನ್ನು ಗೆದ್ದ ಕಥೆಯಾಗಿಯೇ ಹೇಳಿಕೊಂಡು ಬಂದೆ.

ನಿನ್ನೆ ಕಿಟಕಿಯ ಹತ್ತಿರ ನಿಂತು ಕೇಳುವಾಗ ಹೊಳೆಯಿತು. ಅಂದು ಮಾಸ್ಟರಿಗೆ ಹಾಡು ನಿಲ್ಲದಿದ್ದರೆ ಸಾಕಿತ್ತು, ಜನಕ್ಕೆ ಕುಣಿಯಲು ತಾಳ ಸಾಕಿತ್ತು. ನಾನು ನುಡಿಸಿದ್ದನ್ನು ಸ್ವರಸ್ವರವಾಗಿ ಬಿಡಿಸಿ ಕೇಳಿದವರು ಇಡೀ ಪೆಂಡಾಲಿನಲ್ಲಿ ದೊಡ್ಡಮ್ಮ ಒಬ್ಬರೇ. ಅವರಿದ್ದಾಗ ನನಗಿದು ಹೊಳೆಯಲಿಲ್ಲ.