ಚಕ್ರದಡಿಯ ನಿಂಬೆಹಣ್ಣು

ಲಕ್ವ ಹೊಡೆದಿದ್ದ ಚಿಕ್ಕಬೈರಪ್ಪನವರ ಬಲಗೈ ಬೆರಳುಗಳು ಮತ್ತೆ ಆಡಿದ್ದು ಮೊಮ್ಮಗಳ ರಿಮೋಟ್ ಕಾರು ಓಡಿಸುವಾಗಲೇ. ಅವರಿಗೆಂದೇ ಹೊಸದೊಂದು ತಂದ ಹೆಂಡತಿ ಮುನಿಲಕ್ಷ್ಮಮ್ಮ, ಮನೆಯ ಎಲ್ಲ ಗಾಡಿಗಳಿಗೂ ಮಾಡುವಂತೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಹಣ್ಣು ಹತ್ತಿದ ಕಾರು ಮಗುಚಿ ಆಕ್ಸಲ್ ಮುರಿಯಿತು. ಅಂದಿನಿಂದ ಚಿಕ್ಕಬೈರಪ್ಪನವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಾರೆ.

ಈಗ ಜಯನಗರದ ಆಟಿಕೆ ಅಂಗಡಿಯಲ್ಲಿ ಆಕೆ ಚೀಲದಿಂದ ನಿಂಬೆಹಣ್ಣು ತೆಗೆದರು.

“ಆಂಟಿ, ಈ ದೊಡ್ಡ ಚಕ್ರದ ಬಗ್ಗಿ ಕಾರು ಕಲ್ಲು ಮಣ್ಣಲ್ಲೂ ಸಖತ್ತಾಗಿ ಓಡುತ್ತೆ. ಹಣ್ಣು ಯಾಕೆ?” ಅಂಗಡಿಯವನು ನಕ್ಕ.

“ಹಣ್ಣಿಡದೆ ನಮ್ಮನೆ ಗಾಡಿ ಹೊರಡಲ್ಲಪ್ಪ. ಮುರಿಯೋದಾದ್ರೆ ಇಲ್ಲೇ ಮುರೀಲಿ.”

ಆಕೆ ಚಕ್ರದಡಿ ಹಣ್ಣಿಟ್ಟರು, ಅಂಗಡಿಯವನು ರಿಮೋಟ್ ಒತ್ತಿದ. ಬಗ್ಗಿ ಕಾರು ಹಣ್ಣು ಹತ್ತಿ, ಹಾರಿ, ದಬ್ಬನೆ ಮಗುಚಿತು. ಆಕೆ ಕಣ್ಣು ಮುಚ್ಚಿ ಮಾರಮ್ಮನನ್ನು ನೆನೆದರು. ಕಣ್ಣು ಬಿಟ್ಟಾಗ ನಾಲ್ಕೂ ಚಕ್ರಗಳು ತಿರುಗುತ್ತಿದ್ದವು.

“ಪ್ಯಾಕ್ ಮಾಡ್ಲಾ ಆಂಟಿ?”

“ಇನ್ನೊಂದ್ಸಲ ಓಡ್ಸಪ್ಪ,” ಎಂದು ಆಕೆ ಎರಡನೇ ಹಣ್ಣು ತೆಗೆದರು.