ಖಣಿಗೆ ಬಿಟ್ಟ ಮೀನು

ಮೀನು ಸತ್ತವು ಎಂದು ತಮ್ಮನಿಗೆ ಹೇಳಿದೆ. ಸತ್ತಿರಲಿಲ್ಲ. ಮರುದಿನವೇ ನಿಜ ಹೇಳಬಹುದಿತ್ತು, ಹೇಳಲಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಟ್ಟೆ ಒಗೆದೆ.

ತಮ್ಮ ಶಹಾಬಾದಿನಿಂದ ಹೈದರಾಬಾದಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸುವ ಲಾರಿ ಓಡಿಸುತ್ತಾನೆ. ಒಮ್ಮೆ ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಪಿರಾನ್ಹಾ ಮೀನು ತಂದ. ಒಂದರ ಹೊಟ್ಟೆ ಕೆಂಪು, ಇನ್ನೊಂದರದು ಹಳದಿ. ಮೈಯ ಮಾಂಸ ಕಚ್ಚಿ ಕೀಳುವ, ಸಾಕಬಾರದ ಮೀನು ಎಂದು ಅವನಿಗೂ ಗೊತ್ತಿತ್ತು, ಬಂದವರಿಗೆ ಬೇರೆ ಹೆಸರು ಹೇಳುತ್ತಿದ್ದ. ಗೋಡೆಯುದ್ದದ ಗಾಜಿನ ತೊಟ್ಟಿ ಮಾಡಿಸಿ ಅವನ್ನು ಅಂಗೈಗಿಂತ ದೊಡ್ಡದಾಗಿ ಬೆಳೆಸಿದ.

ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಓದಿದ್ದು ನಾಲ್ಕನೆಯ ಇಯತ್ತೆ. ಅವನು ಲಾರಿಯ ಮೇಲೆ ಹೋದಾಗ ತೊಟ್ಟಿಯ ನೀರು ಬದಲಿಸುವುದು ನನ್ನ ಕೆಲಸ. ಆ ಸಲ ಹಬ್ಬದ ಗಡಿಬಿಡಿಯಲ್ಲಿ ಮರೆತೆ. ನೆನಪಾಗಿ ನೋಡಿದರೆ ಎರಡೂ ಮೀನು ಇದ್ದಿಲಿನಂತೆ ಕಪ್ಪಾಗಿದ್ದವು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಒಂದರ ಹಿಂದೊಂದು ಸುತ್ತುತ್ತ ತಳದ ಉಸುಕಿನಲ್ಲಿ ಕುಳಿ ಮಾಡಿದ್ದವು. ನನ್ನ ಮೈಗಳ್ಳತನಕ್ಕೆ ನೀರು ವಿಷವಾಗಿದೆ, ಸಾಯುವ ಮುಂಚೆ ಒದ್ದಾಡುತ್ತಿವೆ ಅಂದುಕೊಂಡೆ.

ನನ್ನ ಕೈಯಲ್ಲಿ ಸಾಯುವುದು ಬೇಡ, ದೊಡ್ಡ ನೀರಿಗೆ ಬಿದ್ದರೆ ಬದುಕಿಕೊಂಡಾವು ಎಂದು ಬಕೆಟ್ಟಿಗೆ ಹಾಕಿ, ಮೇಲೆ ಸೀರೆ ಮುಚ್ಚಿ, ಕಲ್ಲು ತೆಗೆದು ಬಿಟ್ಟ ಮೇಲೆ ನೀರು ತುಂಬಿದ, ನಾವು ಬಟ್ಟೆ ಒಗೆಯುವ ಹಳೆಯ ಖಣಿಗೆ ಒಯ್ದೆ. ಹಿಡಿಯುವಾಗ ಒಂದು ಮೀನು ಪ್ಲಾಸ್ಟಿಕ್ ಮಗ್ಗಿನ ಅಂಚನ್ನು ಕತ್ತರಿ ಹಾಕಿದಂತೆ ಕಚ್ಚಿ ತೆಗೆದಿತ್ತು. ನೀರಿಗೆ ಬಿದ್ದದ್ದೇ ತಡ, ಎರಡೂ ಸರ್ರನೆ ಆಳಕ್ಕೆ ಇಳಿದವು. ರೋಗದ ಮೀನು ಹಾಗೆ ಈಜುವುದಿಲ್ಲ ಎಂದು ಆಗಲೇ ಅನ್ನಿಸಿತು.

ತಮ್ಮ ಬಂದಾಗ, ಸತ್ತವು, ಬೇವಿನ ಗಿಡದ ಬುಡಕ್ಕೆ ಹುಗಿದೆ ಎಂದೆ.

"ಮೈ ಹೆಂಗಿತ್ತಕ್ಕಾ?"

"ಪೂರಾ ಕರ್ರಗಾಗಿತ್ತು. ಉಸುಕು ಕೆದರಾಕತ್ತಿದ್ವು."

ಅವನು ತಲೆಗೆ ಕೈ ಹಚ್ಚಿದ. "ಅಯ್ಯ, ಅದು ರೋಗ ಅಲ್ಲಕ್ಕಾ. ತತ್ತಿ ಇಡೋ ಮುಂದ ಹಂಗ ಕರ್ರಗಾಗ್ತಾವ. ಕುಳಿ ತೋಡಿ ಅದರಾಗ ಇಡ್ತಾವ, ಗಂಡು ಕಾಯ್ತದ. ತೊಟ್ಟಿಯೊಳಗೂ ಮರಿ ಮಾಡ್ತಾವ ಅವು."

ಹಾಗಾದರೆ ಖಣಿಯಲ್ಲೂ ಮರಿ ಮಾಡಿಯಾವು ಎಂದು ಹೊಳೆಯಿತು. ಉಳಿದಿದ್ದ ಒಂದೇ ಆಸೆಯನ್ನು ಬಾಯಿಬಿಟ್ಟು ಕೇಳಿದೆ. "ಒಂದು ಕೆಂಪು, ಒಂದು ಹಳದಿ. ಬ್ಯಾರೆ ಬ್ಯಾರೆ ಜಾತಿ ಕೂಡಿದ್ರ ಮರಿ ಆಗ್ತಾವೇನು?"

"ಮೀನಿನ ಲಗ್ನಕ್ಕೂ ಜಾತಿ ನೋಡ್ತಿಯಲ್ಲವ್ವಾ ನೀನು!" ಅಷ್ಟು ದುಃಖದಲ್ಲೂ ನಕ್ಕ. "ಬ್ಯಾರೆ ಜಾತಿ ಇದ್ರ ಒಂದನ್ನೊಂದು ಕಚ್ಚೇ ಮುಗಸ್ತಿದ್ವೋ ಏನೋ. ಕೂಡ್ತಾವಂತ ಕೆಲವರು ಹೇಳ್ತಾರ, ನಾ ಅಂತೂ ನೋಡಿಲ್ಲ. ಇವು ಎರಡೂ ಒಂದೇ ಜಾತಿ, ಬಣ್ಣ ಅಷ್ಟೇ ಬ್ಯಾರೆ. ಒಂದೇ ಆಡಿಗೆ ಕರಿ ಮರಿ, ಬಿಳಿ ಮರಿ ಹುಟ್ಟೂದಿಲ್ಲೇನು?"

ಆಮೇಲೆ ಖಣಿಗೆ ಹೋದಾಗಲೆಲ್ಲ ನೀರಿಗೆ ಕಾಲಿಡುತ್ತಿರಲಿಲ್ಲ. ಮೇಲಿನ ಕಲ್ಲಿನ ಮೇಲೆ ಕುಳಿತು ನೀರು ಮೊಗೆದುಕೊಂಡೇ ಒಗೆಯುತ್ತಿದ್ದೆ. "ಯಾಕವ್ವಾ, ಹೊಸ ಮದಿಮಗಳಂಗ ಕಾಲು ಎತ್ತಿಕೊಂಡು ಕುಂತಿ?" ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತ ಅವರ ಕಾಲುಗಳನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಒಬ್ಬರಿಗೂ ಹೇಳಲಿಲ್ಲ. ಚಳಿಗೆ ಸತ್ತಾವು ಎಂದು ಕಾದೆ. ನಮ್ಮ ಕಡೆ ಚಳಿ ಎಷ್ಟು ದಿನದ್ದು? ಕಲ್ಲು ಮತ್ತೆ ಕಾಯಿತು, ನೀರೂ ಬೆಚ್ಚಗಾಯಿತು.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ತಮ್ಮ ತನ್ನ ಮಗಳ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಈಜು ಕಲಿಸಲು ಖಣಿಗೆ ಕರೆತಂದ. ತಾನು ಮೊದಲು ಇಳಿದು ಎರಡೂ ಕೈ ಚಾಚಿದ. ಕೂಸು ನಗುತ್ತ ಬೆರಳ ತುದಿಯನ್ನು ನೀರಿಗೆ ತಾಗಿಸಿತು. ನಾನು ಕೈಯಲ್ಲಿದ್ದ ಬಟ್ಟೆ ಎಸೆದು, ಕಿರುಚುತ್ತ ಸೊಂಟದವರೆಗೆ ನೀರಿಗೆ ನುಗ್ಗಿದೆ. ಕೂಸನ್ನು ಎಳೆದು ಮೇಲಿನ ಕಲ್ಲಿಗೆ ಹಾಕಿ, ತಮ್ಮನ ರಟ್ಟೆಗೂ ಕೈ ಹಾಕಿದೆ.

"ಹುಚ್ಚು ಹಿಡದದೇನಕ್ಕಾ? ಕೂಸು ಅಂಜ್ಕೊಂಡು ಅಳಾಕತ್ತದ ನೋಡು!"

"ನೀ ಮೊದಲ ಮ್ಯಾಲ ಬಾ."

ಅವನು ಬಂದ. ಒಗೆಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಮೀನು ಸತ್ತಿಲ್ಲ ತಮ್ಮಾ. ನಾನೇ ಇದೇ ನೀರಿಗೆ ಬಿಟ್ಟೀನಿ. ಬಿಟ್ಟು ಸುಮ್ಮನ ಕುಂತೀನಿ. ನನ್ನಿಂದ ಭಾಳ ದೊಡ್ಡ ತಪ್ಪಾಗ್ಯಾದ. ತಪ್ಪಾತು, ತಮ್ಮಾ. ತಪ್ಪಾತ್ರೆವ್ವಾ, ನಿಮಗೆಲ್ಲರಿಗೂ."