ಮಂಗಳವಾರ ಬಾರದ ಹುಡುಗಿಯರು

ಹಂಸ ಮಿಸ್ಸಿಗೆ ನಿಧಾನವಾಗಿ ನಡೆಯುವುದು ಗೊತ್ತಿಲ್ಲ. ಸ್ಟಾಫ್ ರೂಮಿನಿಂದ ಮೈದಾನಕ್ಕೆ ಹೋಗುವುದೂ ಅರ್ಧ ಓಟದಲ್ಲೇ. ಹೊಳೆನರಸೀಪುರದ ಅರ್ಚಕರ ಮನೆಯಲ್ಲಿ ಹುಟ್ಟಿ, ಮಡಿ ನೀರಿನ ಕೊಡ ಹೊತ್ತುಕೊಂಡೇ ಅಂಗಳದಲ್ಲಿ ಓಡುತ್ತಿದ್ದವಳು. ನೀರು ಅರ್ಧ ಚೆಲ್ಲಿರುತ್ತಿತ್ತು, ಅಜ್ಜಿ ಗೋದಮ್ಮನ ಬೈಗುಳ ಮಾತ್ರ ಪೂರ್ತಿ ಸಿಗುತ್ತಿತ್ತು. ಮಗಳು ಸಂಸ್ಕೃತ ಓದಿ ಲೆಕ್ಚರರ್ ಆಗುತ್ತಾಳೆ ಎಂದು ತಂದೆ ಸಂಪತ್ಕುಮಾರರು ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿದ್ದರು. ಅವಳು ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಕೊರಳಿಗೆ ವಿಷಲ್ ಹಾಕಿಕೊಂಡು ಮನೆಗೆ ಬಂದಳು. ಅರ್ಚಕರ ಮಗಳು ಡ್ರಿಲ್ ಮೇಡಂ ಆದ ಸುದ್ದಿ ಜೀರ್ಣವಾಗುವುದಕ್ಕೆ ದೇವಸ್ಥಾನದ ಬೀದಿಗೆ ಒಂದಷ್ಟು ಕಾಲ ಬೇಕಾಯಿತು.

ಚನ್ನರಾಯಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ಕೆಲವು ವರ್ಷ ಮಕ್ಕಳನ್ನು ಓಡಿಸಿದ ಮೇಲೆ ಸರ್ಕಾರಿ ನೌಕರಿ ಸಿಕ್ಕಿತು. ಮಲ್ಲಿಪಟ್ಟಣದ ಆಚೆ ಒಂದು ಹೈಸ್ಕೂಲು. ಗಂಡ ಗಿರಿಧರ ಅರಕಲಗೂಡಿನಲ್ಲಿ ಬ್ಯಾಂಕಿನ ಗುಮಾಸ್ತ, ಯೋಚನೆ ಮಾಡಿ ಮಾತಾಡುವ ಮನುಷ್ಯ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಇವಳು ಕೆಲಸ ಮಾಡಿ ಮುಗಿಸಿರುತ್ತಿದ್ದಳು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಈ ಹಂಸಳನ್ನು ಇಲಾಖೆಯವರು ಹಾಸನಕ್ಕೆ ಕರೆಸಿ, ನಿಮ್ಮ ಶಾಲೆಯ ಮಕ್ಕಳ ಆರೋಗ್ಯ ಇನ್ನು ನಿಮ್ಮ ಜವಾಬ್ದಾರಿ ಎಂದು ತರಬೇತಿ ಕೊಟ್ಟರು. ಒಲೆಗೆ ಸೀಮೆಎಣ್ಣೆ ಸುರಿದ ಹಾಗಾಯಿತು. ಶಾಲೆ ತಪ್ಪಿಸುವ ಮಕ್ಕಳೆಲ್ಲ ಸೋಮಾರಿಗಳಲ್ಲ. ಹಲ್ಲುನೋವು, ಹೊಟ್ಟೆಹುಳು, ಕಾಣದ ಬೋರ್ಡು, ಮೈಯಲ್ಲಿಲ್ಲದ ರಕ್ತ, ಇವೂ ತಪ್ಪಿಸುತ್ತವೆ ಎಂದು ಅಲ್ಲಿ ಕೇಳಿದ್ದೇ ತಡ, ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ರಕ್ತಹೀನತೆಯ ವಿಷಯವನ್ನು ಬಿಡದೆ ವಿವರಿಸಿದಳು. ರಾಮನಾಥಪುರಕ್ಕೆ ಟಿಕೆಟ್ ತೆಗೆದುಕೊಂಡಿದ್ದ ಆ ತಾಯಿ, ಪಾಪ, ಅರಕಲಗೂಡು ಬರುವ ಮೊದಲೇ ಇಳಿದುಹೋದಳು.

ಮಾರನೆಯ ದಿನದಿಂದ ಶಾಲೆಯ ಚಹರೆ ಬದಲಾಯಿತು. ಕಣ್ಣಿನ ಪರೀಕ್ಷೆ ಮಾಡಿದಾಗ, ಸದಾ ಚಕ್ಕರ್ ಹೊಡೆಯುತ್ತಿದ್ದ ಕೀರ್ತಿರಾಜ್ ಎಂಬ ಹುಡುಗನಿಗೆ ಬೋರ್ಡೇ ಕಾಣುತ್ತಿರಲಿಲ್ಲ ಎಂದು ಗೊತ್ತಾಯಿತು. ಕನ್ನಡಕ ಬಂತು, ಹುಡುಗನೂ ಬಂದ. ಹುಡುಗಿಯರಿಗೆ ಖೋ ಖೋ ಕಟ್ಟಿದಳು. ಆಟಕ್ಕೆಂದು ಬಂದವರು ಪಾಠಕ್ಕೂ ಕೂತರು. 'ಹಾಜರಿ ನೋಡಿದ್ರೆ ಇದು ನಮ್ಮ ಸ್ಕೂಲೇನಾ ಅಂತ ಅನುಮಾನ ಬರುತ್ತೆ ಮೇಡಂ,' ಎಂದರು ಹೆಡ್‌ಮಾಸ್ಟರ್ ರುದ್ರಯ್ಯ. ಹಂಸಳಿಗೆ ಅಂದು ಮನೆಗೆ ಹೋಗುವಾಗ ತನ್ನ ಸ್ಕೂಟರ್ ನೆಲ ಬಿಟ್ಟು ಓಡಿದಂತಾಯಿತು.

ಹುಡುಗಿಯರಿಗೆ ಸರ್ಕಾರ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕಳಿಸುತ್ತದೆ. ನೀಲಿ ಬಣ್ಣದ್ದು, ಸೋಮವಾರದ್ದು, ಮಧ್ಯಾಹ್ನದ ಊಟವಾದ ಮೇಲೆ ನುಂಗುವಂಥದ್ದು. ನುಂಗುತ್ತಿದ್ದವರು ಕಡಿಮೆ. ಉಳಿದ ಮಾತ್ರೆಗಳೆಲ್ಲ ಕಾಂಪೌಂಡಿನ ಆಚೆ ಬೀಳುತ್ತಿದ್ದವು, ಊರಿನ ಕೋಳಿಗಳಿಗೆ ಜನ್ಮದಲ್ಲಿ ರಕ್ತ ಕಡಿಮೆಯಾಗುವ ಹಾಗಿರಲಿಲ್ಲ. ಹಂಸ ಇದನ್ನು ಕಂಡಳು, ರೇಗಿದಳು, ಮಾತ್ರೆಯನ್ನು ಬೆಳಗಿನ ಪ್ರಾರ್ಥನೆಗೆ ತಂದಿಟ್ಟಳು. ಪ್ರಾರ್ಥನೆ ಮುಗಿದೊಡನೆ ಸಾಲಿನಲ್ಲಿ ನಿಂತಲ್ಲೇ ನುಂಗಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಒಂದು ಮಾತ್ರೆಯೂ ದಂಡವಾಗದ್ದು ಕಂಡು ಅವಳು ಬೀಗಿದಳು.

ಆದರೆ ಮಂಗಳವಾರ ಬಂದರೆ ಹುಡುಗಿಯರು ಮಾಯ. ಬುಧವಾರ ಕೇಳಿದರೆ, 'ಒಟ್ಟೆ ನೋವು ಮಿಸ್,' ಎಂದು ನೆಲ ನೋಡುತ್ತಿದ್ದರು. ಶುಂಠಿ ಕೀಳುವ ಕೂಲಿಗೆ ಹೋಗಿರುತ್ತಾರೆ ಎಂದುಕೊಂಡು ಹಂಸ ಒಂದು ಮಂಗಳವಾರ ಸ್ಕೂಟರನ್ನು ಹೊಲದ ಬದುವಿನ ಮೇಲೆಲ್ಲ ಓಡಿಸಿದಳು. ಹುಡುಗಿಯರು ಸಿಗಲಿಲ್ಲ, ಟೈರು ಪಂಚರ್ ಆಯಿತು. ತಾನೇ ಕೊಡುವ ಮಾತ್ರೆಯ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ.

ಆಶಾರಾಣಿ ಬಿದ್ದದ್ದು ಒಂದು ಸೋಮವಾರ. ಹತ್ತನೇ ತರಗತಿ, ಖೋ ಖೋ ತಂಡದ ಪ್ರಾಣ. ತಾಯಿಯಿಲ್ಲದ ಅವಳನ್ನು ಸಾಕಿದವಳು ಅಪ್ಪನ ತಾಯಿ ಲಕ್ಕಮ್ಮ. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಹುಡುಗಿ ಬೆವರಿದಳು, ವಾಂತಿ ಮಾಡಿದಳು, ಸಾಲಿನಲ್ಲೇ ಕುಸಿದಳು. ಸುದ್ದಿ ಮುಟ್ಟಿ ಲಕ್ಕಮ್ಮ ಬಂದಾಗ ಹುಡುಗಿ ಎದ್ದು ಕೂತು ನೀರು ಕುಡಿಯುತ್ತಿದ್ದಳು. ಮುದುಕಿ ಕೂಗಾಡಲಿಲ್ಲ. ಮೊಮ್ಮಗಳ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

'ನನ್ ಸೊಸೇನೂ ಇಂಗೇ ಆಸ್ಪತ್ರೆ ಮಾತ್ರೆ ನುಂಗಿ ನುಂಗೀನೇ ಓದ್ಲು. ಇದ್ನೂ ಕಳ್ಕಳಾಕೆ ನಾನ್ ತಯಾರಿಲ್ಲ. ಇನ್ಮ್ಯಾಕೆ ಇವ್ಳು ಸ್ಕೂಲಿಗೆ ಬರಾಕಿಲ್ಲ ಕಣವ್ವ,' ಎಂದಳು.

ಆ ವಾರವೆಲ್ಲ ಆಶಾರಾಣಿ ಬರಲಿಲ್ಲ, ಅವಳು ಬಿದ್ದದ್ದು ನೋಡಿ ಹೆದರಿದ ಇನ್ನೂ ಮೂವರು ಹುಡುಗಿಯರೂ ಮನೆಯಲ್ಲೇ ಉಳಿದರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಯಿಲ್ಲದೆ ಮನೆಯಲ್ಲಿ ಕೂತ ಹುಡುಗಿಗೆ ನೆಂಟರು ಎಷ್ಟು ಬೇಗ ಗಂಡು ಹುಡುಕುತ್ತಾರೆ ಎಂಬುದು ಹಂಸಳಿಗೆ ಚೆನ್ನಾಗಿ ಗೊತ್ತಿತ್ತು. ರುದ್ರಯ್ಯನವರು, 'ಮಾತ್ರೆ ನಿಲ್ಲಿಸಿಬಿಡಿ ಮೇಡಂ, ಊರಿನವರ ಬಾಯಿಗೆ ಯಾಕೆ ಬೀಳೋಣ,' ಎಂದರು. ಹಂಸ ಕೇಳಲಿಲ್ಲ. ಮುದುಕಿಯ ಜೊತೆ ಜಗಳವಾಡಿಯಾದರೂ ಹುಡುಗಿಯನ್ನು ಕರೆತರುತ್ತೇನೆ ಎಂದು ಮುಂದಿನ ಸೋಮವಾರ ಬೆಳಿಗ್ಗೆ, ಶಾಲೆಗೆ ಮೊದಲೇ ಅವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದಳು.

ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿತ್ತು. ಎತ್ತುಗಳ ಹಣೆಯಲ್ಲಿ ಹಸಿ ಕುಂಕುಮ. ಅಂದು ಅವಕ್ಕೆ ನೊಗವಿಲ್ಲ. ತಲೆಗೆ ನೀರು ಹಾಕಿಕೊಂಡ ಆಶಾರಾಣಿ ಒದ್ದೆ ಕೂದಲಲ್ಲೇ ಹಿತ್ತಲಿಂದ ಕೊಡ ಹೊತ್ತು ಬಂದಳು. ಮಿಸ್ಸನ್ನು ಕಂಡು ಮುಖ ಅರಳಿತು, ಅಜ್ಜಿಯ ನೆನಪಾಗಿ ಬಾಡಿತು.

'ತಿಂಡಿ ಆಯ್ತಾ?' ಎಂದಳು ಹಂಸ, ಏನಾದರೂ ಕೇಳಬೇಕಲ್ಲ ಎಂದು.

'ಇಲ್ಲ ಮಿಸ್. ಇವತ್ತು ವಾರ.'

'ಸ್ವಾಮಾರ ನಮ್ಮನೆ ದೇವ್ರ ವಾರ,' ಎನ್ನುತ್ತ ಲಕ್ಕಮ್ಮ ಒಳಗಿನಿಂದ ಬಂದಳು. 'ಪೂಜೆ ಆಗೋಗಂಟ ಒಲೆ ಅಚ್ಚಾಕಿಲ್ಲ. ಐಕ್ಳು ಇಂಗೇ ಸ್ಕೂಲಿಗೋಗಿ ಮದ್ಯಾನ ಅಲ್ಲೇ ಉಣ್ತಾವೆ. ಈ ಕೇರೀಲಿ ಎಲ್ರ ಮನೇಲೂ ಅಂಗೇಯ.'

ಹಂಸ ನಿಂತಲ್ಲೇ ನಿಂತಳು. ಈ ಕೇರಿಯ ಹುಡುಗಿಯರೆಲ್ಲ ಸೋಮವಾರ ಬರಿಹೊಟ್ಟೆಯಲ್ಲಿ ಬರುತ್ತಾರೆ. ಬಂದವರನ್ನು ಸಾಲಿನಲ್ಲಿ ನಿಲ್ಲಿಸಿ, ಊಟವಾದ ಮೇಲೆ ನುಂಗಬೇಕಾದ ಮಾತ್ರೆಯನ್ನು ತಾನು ಬಾಯಿಗೆ ಹಾಕಿಸುತ್ತಾಳೆ. ಹೊಟ್ಟೆ ತೊಳಸಿ ಮನೆಗೆ ಹೋದವರು ಮಂಗಳವಾರ ಬಾರದಿದ್ದರೆ ಆಶ್ಚರ್ಯವೇನು? ತನ್ನ ತವರಿನಲ್ಲೂ ನೈವೇದ್ಯವಾಗದೆ ತುತ್ತು ಬಾಯಿಗಿಡುವ ಹಾಗಿರಲಿಲ್ಲ. ಆದರೆ ಅವರ ಉಪವಾಸದ ವಾರ ಶನಿವಾರ. ಇಲ್ಲಿಯವರ ಸೋಮವಾರ ಅವಳ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

'ಅಜ್ಜಿ, ತಪ್ಪು ನಂದು,' ಎಂದು ಒಂದೇ ಉಸಿರಿಗೆ ಶುರುಮಾಡಿದಳು. 'ಮಾತ್ರೆ ಕೆಟ್ಟದ್ದಲ್ಲ. ಊಟ ಆದ ಮೇಲೆ ಕೊಡಬೇಕಾದ್ದನ್ನ ನಾನೇ ಬೆಳಿಗ್ಗೆಗೆ ತಂದೆ. ಇವರ ಹೊಟ್ಟೇಲಿ ಏನೂ ಇರಲಿಲ್ಲ. ನೀವು ವಾರ ಬಿಡಬೇಡಿ, ನಾನು ಹೊತ್ತು ಬದಲಾಯಿಸ್ತೀನಿ.'

ಲಕ್ಕಮ್ಮ ಕರಗಲಿಲ್ಲ. 'ಮಾತು ಚೆಂದಾಗಿ ಆಡ್ತೀಯ. ಮಾತ್ರೆ ಯಾಕ್ ಬೇಕು ಇವ್ಳಿಗೆ? ಕುದ್ರೆ ಓಡ್ದಂಗೆ ಓಡ್ತಾಳೆ.'

ಹಂಸ ಆಶಾರಾಣಿಯನ್ನು ಬಿಸಿಲಿಗೆ ಎಳೆದು ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಳು. ಒಳಗೆ ಕೆಂಪಿರಬೇಕಾದ ಕಡೆ ಬಿಳಿಚಿಕೊಂಡಿತ್ತು. 'ಇಲ್ಲಿ ನೋಡಿ ಅಜ್ಜಿ. ಓಡ್ತಾಳೆ, ಆಮೇಲೆ ಗೋಡೆ ಹಿಡ್ಕೊಂಡು ಏದುಸಿರು ಬಿಡ್ತಾಳೆ. ಮನೇಲಿ ನೋಡಿಲ್ವಾ ನೀವು?'

ಲಕ್ಕಮ್ಮ ಬಗ್ಗಿ ನೋಡಿದಳು. ನೋಡಿದವಳು ಬೇಗ ನೆಟ್ಟಗಾಗಲಿಲ್ಲ. 'ಇವ್ಳವ್ವಂದೂ ಇಂಗೇ ಇತ್ತು,' ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಆಮೇಲೆ ಸೆರಗು ಸರಿಮಾಡಿಕೊಂಡು, 'ಉಂಡ್ಮೇಲೆ ಏನೂ ಆಗಾಕಿಲ್ಲ ಅಂತೀಯಲ್ಲ, ಮೊದ್ಲು ನಾನ್ ನುಂಗ್ತೀನಿ. ನಾಳೀಕೆ ನಾನ್ ಸರ್ಯಾಗಿದ್ರೆ ಇವ್ಳು ಬತ್ತಾಳೆ. ಇಲ್ದಿದ್ರೆ ನೀನೂ ಈ ಬಾಗ್ಲಿಗೆ ಬರ್ಬ್ಯಾಡ,' ಎಂದಳು.

ಹಂಸ ಆರೋಗ್ಯ ಕೇಂದ್ರದ ನರ್ಸಿಗೆ ಫೋನು ಮಾಡಿದಳು. ಒಂದು ಮಾತ್ರೆಯಿಂದ ಮುದುಕಿಗೆ ತೊಂದರೆಯಿಲ್ಲ ಎಂಬ ಉತ್ತರ ಬಂತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಓಡಾಡಿತ್ತು. ಲಕ್ಕಮ್ಮ ಮಡಿಸೀರೆಯಲ್ಲೇ ಬಂದು, ಹುಡುಗಿಯರ ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಸೋಮವಾರ ಅವಳದು ಒಂದೇ ಹೊತ್ತಿನ ಊಟ; ಆ ಊಟ ಅಂದು ಶಾಲೆಯ ಅನ್ನ ಸಾರಿನಲ್ಲಿ ಆಯಿತು. ಕಿಟಕಿಯ ಸರಳು ಹಿಡಿದು ಹೆಂಗಸರು ನಿಂತಿದ್ದರು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವುದನ್ನು ಲಕ್ಕಮ್ಮ ಮರೆಯಲಿಲ್ಲ. ಕೈ ತೊಳೆದು, ನೀಲಿ ಮಾತ್ರೆ ಬಾಯಿಗೆ ಹಾಕಿಕೊಂಡು, ಗಟಗಟ ನೀರು ಕುಡಿದು, ಯಾರೂ ಕೇಳದಿದ್ದರೂ ನಾಲಿಗೆ ಎತ್ತಿ ತೋರಿಸಿದಳು. ಹುಡುಗಿಯರು ಕಿಸಕ್ಕೆಂದು ನಕ್ಕರು. ನಗುತ್ತಲೇ ತಮ್ಮ ತಮ್ಮ ಮಾತ್ರೆಯನ್ನೂ ನುಂಗಿದರು.

ಮಂಗಳವಾರ ಶಾಲೆಯ ಬೀಗ ತೆಗೆಯುವ ಮೊದಲೇ ಹಂಸ ಗೇಟಿನಲ್ಲಿದ್ದಳು. ಮುದುಕಿಗೆ ಹೊಟ್ಟೆ ಕೆಟ್ಟಿದ್ದರೆ? ಒಬ್ಬೊಬ್ಬರಾಗಿ ಹುಡುಗಿಯರು ಬಂದರು. ಎಷ್ಟೋ ಮಂಗಳವಾರಗಳಿಂದ ಖಾಲಿಯಿದ್ದ ಸಾಲು ತುಂಬಿಕೊಂಡಿತು. ಹಂಸಳಿಗೆ ಅವರನ್ನೆಲ್ಲ ತಬ್ಬಿಕೊಳ್ಳಬೇಕೆನಿಸಿತು. ಆದರೆ ಆಶಾರಾಣಿ ಬರಲಿಲ್ಲ. ಗಂಟೆ ಹೊಡೆಯಿತು. ಪ್ರಾರ್ಥನೆ ಶುರುವಾಯಿತು. ಹಂಸ ತುಟಿ ಆಡಿಸುತ್ತಿದ್ದಳು, ಕಣ್ಣು ರಸ್ತೆಯ ಮೇಲಿತ್ತು.

ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಿರುವಿನಲ್ಲಿ ಲಕ್ಕಮ್ಮ ಕಂಡಳು. ಅವಳ ಪಕ್ಕದಲ್ಲಿ ಯೂನಿಫಾರಂ ಹಾಕಿದ ಆಶಾರಾಣಿ. ಅವರ ಹಿಂದೆ ಆ ಮೂವರು ಹುಡುಗಿಯರು. ಮಾತ್ರೆಯ ಭಯಕ್ಕೆ ಶಾಲೆಯನ್ನೇ ಬಿಟ್ಟು ಕೂತಿದ್ದವರು. ಹಂಸ ಮೈದಾನ ದಾಟಿ ಓಡಿದಳು. ಆಶಾರಾಣಿ ಅವಳ ಪಕ್ಕದಿಂದ ನುಸುಳಿ, ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು.

'ಒತ್ತಾರೇನೇ ಮನೆ ಮನೆ ಸುತ್ತಿ ಎಬ್ಬುಸ್ಕ ಬಂದೆ, ಅದ್ಕೇ ಒತ್ತಾಯ್ತು,' ಎಂದಳು ಲಕ್ಕಮ್ಮ. 'ನಂಗೇನೂ ಆಗಿಲ್ಲ. ಚೆಂದಾಗಿ ನಿದ್ದೆ ಬಂತು.'

ಹಂಸ ಅವಳ ಕೈ ಹಿಡಿದುಕೊಂಡು ನಕ್ಕಳು. ಲಕ್ಕಮ್ಮ ನಗಲಿಲ್ಲ.

'ಸೊಸೆ ಮಾತ್ರೆ ನುಂಗಿ ಓದ್ಲು ಅಂತ ಊರಿಗೆಲ್ಲ ಏಳ್ಕಂಡ್ ಬಂದೆ. ಸುಳ್ಳು ಕಣವ್ವ. ಬಸುರೀಲಿ ವಾಂತಿ ಬತ್ತದೆ ಅಂದ್ಲು, ಎಸೀ ಅತ್ಲಾಗೆ ಅಂದೋಳು ನಾನೇಯ. ಒಂದೂ ನುಂಗ್ಲಿಲ್ಲ ಅವ್ಳು. ಬಿಳ್ಚಿಕಂಡು ಗೋಡೆಗೊರಗಿ ಕೂತ್ರೆ ಸೋಂಬೇರಿ ಅಂತಿದ್ದೆ.'

ಹಂಸ ಹಿಡಿದ ಕೈಯನ್ನು ಬಿಡಲಿಲ್ಲ. ಲಕ್ಕಮ್ಮನೇ ಕೈ ಬಿಡಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಬೇವಿನ ಮರದ ಕೆಳಗಿದ್ದ ಸ್ಕೂಟರಿನತ್ತ ನಡೆದಳು.

'ಕೆರೆಯಾಚೆ ಇನ್ನೊಂದು ಮನೆ ಐತೆ. ಅಲ್ಲೊಂದು ಬಸುರಿ ಎಣ್ಣೂ ಕೂತೈತೆ. ನನ್ ಮಾತ್ ಕೇಳಿ ಅವ್ಳೂ ಎಸೀತಾವ್ಳೆ,' ಎಂದಳು. 'ತಗಿ ನಿನ್ ಗಾಡಿಯ.'

ಹಂಸ ರುದ್ರಯ್ಯನವರಿಗೆ ಕೈ ಸನ್ನೆ ಮಾಡಿ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಜನ್ಮದಲ್ಲಿ ಸ್ಕೂಟರ್ ಹತ್ತದ ಲಕ್ಕಮ್ಮ ಹಿಂದೆ ಕೂತು, ಅವಳ ಎರಡೂ ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.